ರಾಜಿ ಕಾಗದಕ್ಕೆ ಸಹಿ ಹಾಕುವ ಮೊದಲು

2024ರ ಸೆಪ್ಟೆಂಬರ್ 5, ಶಿಕ್ಷಕರ ದಿನ. ಮಾನ್ವಿ ತಾಲ್ಲೂಕಿನ ಕಪಗಲ್ ಗ್ರಾಮದ ಬಳಿ ಒಂದು ಶಾಲಾ ಬಸ್ಸಿಗೂ ಒಂದು ಸಾರಿಗೆ ಬಸ್ಸಿಗೂ ಡಿಕ್ಕಿಯಾಯಿತು. ಇಬ್ಬರು ಮಕ್ಕಳು ತೀರಿಕೊಂಡರು. ಹಲವು ಮಕ್ಕಳು ಗಾಯಗೊಂಡರು. ಕೆಲವರಿಗೆ ಕಾಲಿಗೆ ಬಿದ್ದ ಪೆಟ್ಟು ಬಲವಾಗಿತ್ತು.

ಅಂಥ ದಿನ ಆಸ್ಪತ್ರೆಯ ಬಾಗಿಲಲ್ಲಿ ನಿಂತ ತಾಯಿತಂದೆಗೆ ಇರುವುದು ಒಂದೇ ಮನಸ್ಸು. ಮಗು ಉಳಿದರೆ ಸಾಕು. ಕಾನೂನು, ಕಾಗದ, ಕೋರ್ಟು ಯಾವುದೂ ಆಗ ನೆನಪಾಗುವುದಿಲ್ಲ. ಆದರೆ ರಸ್ತೆ ಅಪಘಾತವಾದ ಮನೆಗಳಲ್ಲಿ ಸಾಮಾನ್ಯವಾಗಿ ಒಂದೆರಡು ವಾರದೊಳಗೆ ಯಾರಾದರೊಬ್ಬರು ಕಾಗದ ಹಿಡಿದು ಬರುತ್ತಾರೆ. ವಾಹನದ ಮಾಲೀಕನ ಕಡೆಯವರಿರಬಹುದು, ಊರ ಹಿರಿಯರಿರಬಹುದು, ಗುರುತಿಲ್ಲದ ದಲ್ಲಾಳಿಯೂ ಇರಬಹುದು. "ಯವ್ವಾ, ಇಲ್ಲೊಂದು ಹೆಬ್ಬೆಟ್ಟು ಒತ್ತು. ಉಳಿದದ್ದು ನಾವು ನೋಡ್ಕೊಂತೀವಿ" ಎನ್ನುತ್ತಾರೆ.

ಇವತ್ತಿನ ಮಾತು ಆ ಹೆಬ್ಬೆಟ್ಟಿನ ಬಗ್ಗೆ. ಅಪಘಾತವಾದ ಮೇಲೆ ವಕೀಲರ ಹತ್ತಿರ ಯಾವಾಗ ಹೋಗಬೇಕು? ಯಾವಾಗ ಹೋಗದಿದ್ದರೂ ನಡೆಯುತ್ತದೆ? ರಾಯಚೂರು ನಗರ, ಮಾನ್ವಿ, ದೇವದುರ್ಗದ ಮನೆಗಳನ್ನು ಕಣ್ಣಮುಂದೆ ಇಟ್ಟುಕೊಂಡು ಇದನ್ನು ನೋಡೋಣ.

ಮೊದಲು ವಕೀಲರು ಬೇಕಿಲ್ಲದ ಸಂದರ್ಭಗಳು.

ರಾಯಚೂರಿನ ಪೇಟೆಯಲ್ಲಿ ಒಂದು ಕಾರು ಇನ್ನೊಂದಕ್ಕೆ ತಗುಲಿತು ಎನ್ನಿ. ಬಂಪರ್ ಮುರಿಯಿತು, ದೀಪ ಒಡೆಯಿತು. ಯಾರಿಗೂ ಪೆಟ್ಟಾಗಿಲ್ಲ. ಕಾರಿಗೆ ಪೂರ್ಣ ವಿಮೆ ಇದ್ದರೆ ಮಾಲೀಕ ತಾನೇ ಕಂಪನಿಗೆ ಫೋನ್ ಮಾಡಬಹುದು. ಸರ್ವೇಯರ್ ಬಂದು ನೋಡುತ್ತಾರೆ, ಗ್ಯಾರೇಜಿನಲ್ಲಿ ರಿಪೇರಿಯಾಗುತ್ತದೆ. ಇದಕ್ಕೆ ವಕೀಲರ ಶುಲ್ಕ ದಂಡ.

ಚಿಕಿತ್ಸೆಯ ಮಾತಿಗೂ ಮೊದಲ ದಿನ ವಕೀಲರು ಬೇಕಿಲ್ಲ. 2025ರ ಮೇ ತಿಂಗಳಿಂದ ದೇಶದಲ್ಲಿ ಒಂದು ಯೋಜನೆ ಜಾರಿಯಲ್ಲಿದೆ. ಮೋಟಾರು ವಾಹನದಿಂದ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದಿಲ್ಲದೆ ಚಿಕಿತ್ಸೆ ಸಿಗಬೇಕು. ಆಸ್ಪತ್ರೆಯಲ್ಲಿ ಈ ಯೋಜನೆಯ ಬಗ್ಗೆ ಕೇಳಿ.

ಗುದ್ದಿ ಓಡಿಹೋದ ವಾಹನ ಪತ್ತೆಯೇ ಆಗದಿದ್ದರೆ? ಅದಕ್ಕೂ ಬೇರೆ ದಾರಿ ಇದೆ. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ಯೋಜನೆಯಂತೆ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಸಿಗುತ್ತದೆ. ಅರ್ಜಿ ಹೋಗಬೇಕಾದದ್ದು ಕೋರ್ಟಿಗಲ್ಲ, ಕಂದಾಯ ಅಧಿಕಾರಿಗೆ. ತಾಲ್ಲೂಕು ಕಚೇರಿಗೆ ಹೋಗಿ ವಿಚಾರಿಸಿದರೆ ದಾರಿ ತಿಳಿಯುತ್ತದೆ.

ಇನ್ನೊಂದು. ಗಾಡಿಯ ಮಾಲೀಕನೇ ಓಡಿಸುತ್ತಿದ್ದ, ತಾನೇ ಆಯತಪ್ಪಿ ಬಿದ್ದು ತೀರಿಕೊಂಡ. ಎದುರು ವಾಹನವೇ ಇಲ್ಲ. ಆಗ ಮನೆಯವರು ಗಾಡಿಯ ಪಾಲಿಸಿ ತೆರೆದು ನೋಡಬೇಕು. ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ ಎಂದು ಅದರಲ್ಲಿ ಒಂದು ಸಾಲಿದ್ದರೆ, ಅದರ ಬೆಲೆ 15 ಲಕ್ಷ ರೂಪಾಯಿ. ಆ ಸಾಲು ಇರುವುದು ಗೊತ್ತಿಲ್ಲದ ಮನೆಯವರು ಕೇಳುವುದೇ ಇಲ್ಲ. ನಾಮಿನಿ ತಾನೇ ಅರ್ಜಿ ಕೊಡಬಹುದು. ಕಂಪನಿ ಇಲ್ಲವೆಂದರೆ ಮಾತ್ರ ವಕೀಲರು.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಬರೀ ಗಾಡಿ ಕೆಟ್ಟಿದ್ದರೆ, ಗುದ್ದಿದ ವಾಹನ ಸಿಗದಿದ್ದರೆ, ಸ್ವಂತ ಪಾಲಿಸಿಯಲ್ಲಿ ಹಣ ಬರುವಂತಿದ್ದರೆ, ವಕೀಲರಿಲ್ಲದೆಯೂ ಕೆಲಸ ಆಗುತ್ತದೆ. ಮೂಳೆ ಮುರಿದಾಗ, ಅಂಗ ಹೋದಾಗ, ಜೀವ ಹೋದಾಗ ಮಾತು ಬೇರೆ.

ಇಲ್ಲಿ ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. "ಪೊಲೀಸ್ ಕೇಸ್ ಆಗೈತಿ, ಪರಿಹಾರ ತಾನಾಗೇ ಬರ್ತೈತಿ" ಎಂದು ಕಾಯುವ ಮನೆಗಳಿವೆ. ಕೇಳುಗರೇ, ಒಂದು ಅಪಘಾತಕ್ಕೆ ಎರಡು ಕೇಸು. ಚಾಲಕನ ಮೇಲೆ ಪೊಲೀಸರು ಹಾಕುವುದು ಸರ್ಕಾರದ ಕೇಸು. ಅದರಲ್ಲಿ ಚಾಲಕನಿಗೆ ಶಿಕ್ಷೆಯಾಗಬಹುದು, ಬಿಡುಗಡೆಯಾಗಬಹುದು. ನೊಂದ ಕುಟುಂಬದ ಪರಿಹಾರದ ಅರ್ಜಿಯೇ ಬೇರೆ. ಅದು 1988ರ ಮೋಟಾರು ವಾಹನ ಕಾಯ್ದೆಯಡಿ ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ನಡೆಯುತ್ತದೆ. ಕೋರ್ಟಿನ ಭಾಷೆಯಲ್ಲಿ ಎಂವಿಸಿ ಕೇಸು. ಚಾಲಕ ಬಿಡುಗಡೆಯಾದ ಎಂಬುದೊಂದರಿಂದಲೇ ಪರಿಹಾರದ ಅರ್ಜಿ ಬಿದ್ದುಹೋಗುವುದಿಲ್ಲ.

ಎರಡಕ್ಕೂ ಬುನಾದಿ ಮಾತ್ರ ಒಂದೇ, ಪೊಲೀಸ್ ಠಾಣೆಯ ಕಾಗದ. 2022ರಲ್ಲಿ ಬಂದ ಹೊಸ ನಿಯಮಗಳಂತೆ ತನಿಖಾಧಿಕಾರಿ 48 ಗಂಟೆಯೊಳಗೆ ಅಪಘಾತದ ಮೊದಲ ವರದಿಯನ್ನು ನ್ಯಾಯಮಂಡಳಿಗೆ ಮತ್ತು ವಿಮಾ ಕಂಪನಿಗೆ ಕಳಿಸಬೇಕು. 90 ದಿನದೊಳಗೆ ವಿವರವಾದ ವರದಿ ಕೊಡಬೇಕು. ಸಂತ್ರಸ್ತರಿಗೆ ಅವರ ಹಕ್ಕುಗಳೇನು ಎಂಬುದನ್ನು ಬರೆದ ನಮೂನೆಯನ್ನು ಹತ್ತು ದಿನದೊಳಗೆ ತಲುಪಿಸಬೇಕು. ಈ ನಮೂನೆ ಬಾರದಿದ್ದರೆ ಠಾಣೆಯಲ್ಲಿ ಕೇಳುವುದಕ್ಕೆ ಯಾರೂ ಹೆದರಬೇಕಾಗಿಲ್ಲ.

ಪರಿಹಾರದ ಅರ್ಜಿಗೆ ಕಾಯ್ದೆ ಇಟ್ಟಿರುವ ಗಡುವು ಅಪಘಾತದ ದಿನದಿಂದ ಆರು ತಿಂಗಳು. 1994ರ ತಿದ್ದುಪಡಿ ಈ ಗಡುವನ್ನು ತೆಗೆದುಹಾಕಿತ್ತು. 2019ರ ತಿದ್ದುಪಡಿ ಮತ್ತೆ ತಂದಿತು. 2022ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ಇದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋದವು. ತಡವಾಯಿತೆಂಬ ಕಾರಣಕ್ಕೆ ಅರ್ಜಿ ವಜಾ ಮಾಡಬಾರದೆಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವೂ ಬಂತು. ಮಧ್ಯಂತರ ಆದೇಶವನ್ನು ನಂಬಿ ಯಾರೂ ಕೂಡಬಾರದು. ಸಾವಾದ ಮನೆಯಲ್ಲಿ ಮೂರನೆಯ ದಿನ, ಹನ್ನೊಂದನೆಯ ದಿನ, ತಿಂಗಳ ತಿಥಿ ಎನ್ನುತ್ತ ಆರು ತಿಂಗಳು ಕಳೆದದ್ದೇ ಗೊತ್ತಾಗುವುದಿಲ್ಲ.

ಹಾಗಾದರೆ, ಕೇಸು ಎರಡು, ಗಡುವು ಆರು ತಿಂಗಳು. ಇಷ್ಟನ್ನು ನೆನಪಿಟ್ಟುಕೊಂಡು ಮುಂದಿನ ಪ್ರಶ್ನೆಗೆ ಬರೋಣ. ವಕೀಲರು ಬಂದರೆ ಏನು ಬದಲಾಗುತ್ತದೆ?

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲ. ವಯಸ್ಸು 32. ತಿಂಗಳ ದುಡಿಮೆ 15 ಸಾವಿರ ಎನ್ನೋಣ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ರಾತ್ರಿ ಸೈಕಲ್ ಮೇಲೆ ಮನೆಗೆ ಹೋಗುವಾಗ ಲಾರಿ ಗುದ್ದಿತು. ಲೆಕ್ಕವನ್ನು ನಿಧಾನವಾಗಿ ಕೇಳಿ.

ಸುಪ್ರೀಂ ಕೋರ್ಟ್ 2009ರಲ್ಲಿ ಸರಳಾ ವರ್ಮಾ ಪ್ರಕರಣದಲ್ಲಿ, 2017ರಲ್ಲಿ ಪ್ರಣಯ್ ಸೇಠಿ ಪ್ರಕರಣದಲ್ಲಿ ಲೆಕ್ಕದ ಕ್ರಮ ಹಾಕಿಕೊಟ್ಟಿದೆ. ಸ್ವಂತ ದುಡಿಮೆಯವನಿಗೆ 40 ವರ್ಷದೊಳಗೆ ವಯಸ್ಸಿದ್ದರೆ, ಮುಂದೆ ಆದಾಯ ಹೆಚ್ಚುತ್ತಿತ್ತು ಎಂದು ನೂರಕ್ಕೆ 40 ಸೇರಿಸಬೇಕು. 15 ಸಾವಿರ 21 ಸಾವಿರವಾಯಿತು. ನಾಲ್ವರು ಅವಲಂಬಿತರಿದ್ದರೆ ಅವನ ಸ್ವಂತ ಖರ್ಚಿಗೆಂದು ಕಾಲುಭಾಗ ಕಳೆಯಬೇಕು. ಉಳಿದದ್ದು ಸುಮಾರು 15,750. ವರ್ಷಕ್ಕೆ 1 ಲಕ್ಷ 89 ಸಾವಿರ. 32ರ ವಯಸ್ಸಿಗೆ ಅದನ್ನು 16ರಿಂದ ಗುಣಿಸಬೇಕು. ಮೊತ್ತ ಸುಮಾರು 30 ಲಕ್ಷ ರೂಪಾಯಿ. ಅಂತ್ಯಕ್ರಿಯೆ, ಸಂಗಾತಿಯ ವಿಯೋಗ ಇವುಗಳ ಮೊತ್ತ ಇದರ ಮೇಲೆ.

ಈಗ ಒಂದೇ ಒಂದು ಅಂಕಿ ಬದಲಾಯಿಸಿ. ಆಸ್ಪತ್ರೆಗೆ ತಂದವರು ಗುರುತಿಲ್ಲದವರು. ಚೀಟಿ ಬರೆಯುವವರು ವಯಸ್ಸು ಕೇಳಿದರು. ಮೂಟೆ ಹೊತ್ತು ಬಾಡಿದ ಮುಖ ನೋಡಿ ಯಾರೋ "ನಲವತ್ತೈದಿರಬಹುದು" ಎಂದರು. ಅದೇ ಮರಣೋತ್ತರ ಪರೀಕ್ಷೆಯ ವರದಿಗೂ ಹೋಯಿತು. 45ಕ್ಕೆ ಸೇರಿಸುವುದು ನೂರಕ್ಕೆ 25 ಮಾತ್ರ. ಗುಣಿಸುವುದು 14ರಿಂದ. ಮೊತ್ತ ಸುಮಾರು 23 ಲಕ್ಷ 60 ಸಾವಿರಕ್ಕೆ ಇಳಿಯುತ್ತದೆ. ಅಂದಾಜಿಗೆ ಬರೆದ ಒಂದು ವಯಸ್ಸು ಆ ತಾಯಿ ಮಕ್ಕಳಿಂದ ಆರೂವರೆ ಲಕ್ಷಕ್ಕಿಂತ ಹೆಚ್ಚು ಹಣ ಕಿತ್ತುಕೊಂಡಿತು.

ಆಧಾರ್‌ನಲ್ಲಿ ಒಂದು ವಯಸ್ಸು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಶಾಲೆಯ ದಾಖಲೆಯಲ್ಲಿ ಮತ್ತೊಂದು ಇರುವುದು ನಮ್ಮ ಊರುಗಳಲ್ಲಿ ಹೊಸದಲ್ಲ. ಯಾವ ದಾಖಲೆ ನಿಲ್ಲುತ್ತದೆ, ಯಾರನ್ನು ಸಾಕ್ಷಿಗೆ ಕರೆಸಬೇಕು ಎಂದು ನೋಡುವುದು ವಕೀಲರ ಕೆಲಸ. ಆದಾಯಕ್ಕೂ ಹೀಗೇ. ಹಮಾಲನಿಗೆ, ಭತ್ತ ನಾಟಿಗೆ ಹೋಗುವ ಹೆಣ್ಣುಮಗಳಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಚೀಟಿ ಇಲ್ಲವೆಂದು ಕೈಬಿಡಬೇಕಿಲ್ಲ. ಬೆಂಗಳೂರಿನ ಕೂಲಿಕಾರನೊಬ್ಬ 2004ರ ಅಪಘಾತದಲ್ಲಿ ತನ್ನ ದುಡಿಮೆ ತಿಂಗಳಿಗೆ 4,500 ಎಂದು ಹೇಳಿಕೊಂಡಿದ್ದ. ಪುರಾವೆ ಇಲ್ಲವೆಂದು ನ್ಯಾಯಮಂಡಳಿ 3,000ಕ್ಕೆ ಇಳಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ಅವನ ಮಾತನ್ನೇ ಒಪ್ಪಿತು. ಆದರೆ ಅಷ್ಟು ದೂರ ಹೋರಾಡುವುದಕ್ಕೆ ಅವನ ಹಿಂದೆ ಯಾರೋ ನಿಂತಿರಲೇಬೇಕಲ್ಲವೇ?

ಒಟ್ಟಿನಲ್ಲಿ ವಯಸ್ಸು, ಆದಾಯ, ಅವಲಂಬಿತರು, ಈ ಮೂರರ ಮೇಲೆ ಹಣ ನಿಂತಿದೆ. ಇನ್ನು ವಕೀಲರು ಮೊದಲ ವಾರದಲ್ಲೇ ಬೇಕಾಗುವ ಸಂದರ್ಭಗಳಿಗೆ ಬರೋಣ. ಅದರಲ್ಲಿ ದೊಡ್ಡದು ಸರಕು ವಾಹನದ ಪ್ರಯಾಣ.

ನಮ್ಮ ಭಾಗದಲ್ಲಿ ಹತ್ತಿ ಬಿಡಿಸುವ ಕಾಲ ಬಂದರೆ, ಮೆಣಸಿನಕಾಯಿ ಹರಿಯುವ ಕಾಲ ಬಂದರೆ, ನಸುಕಿಗೇ ಟ್ರ್ಯಾಕ್ಟರ್ ಟ್ರಾಲಿಯಲ್ಲಿ, ಟಾಟಾ ಏಸ್‌ನಲ್ಲಿ ಹೆಣ್ಣುಮಕ್ಕಳು ನಿಂತುಕೊಂಡೇ ಹೊಲಕ್ಕೆ ಹೋಗುತ್ತಾರೆ. ಬುತ್ತಿಯ ಗಂಟು ಕೈಯಲ್ಲಿ, ಕೂಸು ಕಂಕುಳಲ್ಲಿ. ಆ ಗಾಡಿ ಉರುಳಿದರೆ ವಿಮಾ ಕಂಪನಿ ಎತ್ತುವ ಮೊದಲ ತಕರಾರು ಒಂದೇ. ಇದು ಸರಕಿನ ಗಾಡಿ, ಇವರು ಪ್ರಯಾಣಿಕರು, ಪಾಲಿಸಿ ಇವರಿಗೆ ಅನ್ವಯಿಸುವುದಿಲ್ಲ. ಸುಮ್ಮನೆ ಹತ್ತಿಕೊಂಡ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು 2002ರ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಆಶಾ ರಾಣಿ ಪ್ರಕರಣದಲ್ಲಿ ಹೇಳಿದೆ. ಆದರೆ ಸರಕಿನ ಒಡೆಯನಾಗಿ ಸರಕಿನ ಜೊತೆ ಹೋಗುತ್ತಿದ್ದವನಿಗೆ ಕಾನೂನಿನ ರಕ್ಷಣೆ ಇದೆ. ಗಾಡಿಯಲ್ಲೇ ಕೆಲಸಕ್ಕಿದ್ದ ಕೂಲಿಯವನಿಗೂ ಒಂದು ಮಟ್ಟದ ರಕ್ಷಣೆ ಇದೆ.

2025ರ ಏಪ್ರಿಲ್ 18ರಂದು ದೇವದುರ್ಗ ತಾಲ್ಲೂಕಿನ ಅಮರಾಪುರ ಕ್ರಾಸ್ ಬಳಿ ಒಂದು ಪಿಕಪ್ ವಾಹನ ಸೇತುವೆಯ ತಡೆಗೋಡೆಗೆ ಬಡಿಯಿತು. ಆಂಧ್ರದ ಹಿಂದೂಪುರದ ಕಡೆಯ ನಾಲ್ವರು ಸತ್ತರು. ಅವರು ಕುರಿ ಕೊಳ್ಳಲು ಶಹಾಪುರಕ್ಕೆ ಹೊರಟಿದ್ದರು. ಅದೇ ವರ್ಷದ ಜನವರಿ 22ರಂದು ಉತ್ತರ ಕನ್ನಡದ ಯಲ್ಲಾಪುರ ತಾಲ್ಲೂಕಿನಲ್ಲಿ ಇನ್ನೊಂದು ಅಪಘಾತವಾಗಿತ್ತು. ಸವಣೂರಿನ ಹತ್ತು ಮಂದಿ ತರಕಾರಿ ವ್ಯಾಪಾರಿಗಳು ಲಾರಿ ಉರುಳಿ ಸತ್ತರು. ಅವರು ತಮ್ಮ ಮಾಲಿನ ಜೊತೆಗೇ ಸಂತೆಗೆ ಹೊರಟಿದ್ದರು. ಸಾವಿನ ಸಂಕಟ ಎರಡೂ ಕಡೆ ಒಂದೇ. ಆದರೆ ಕಾನೂನು ಕೇಳುವ ಪ್ರಶ್ನೆ ಬೇರೆ ಬೇರೆ. ಮಾಲು ಗಾಡಿಯಲ್ಲಿತ್ತೇ? ಅದು ಯಾರದು? ಬಾಡಿಗೆ ಯಾರು ಕೊಟ್ಟರು? ಇಂಥ ಪ್ರಶ್ನೆಗಳಿಗೆ ಉತ್ತರ ಠಾಣೆಯಲ್ಲಿ ಬರೆಸುವ ಮೊದಲ ಹೇಳಿಕೆಯಲ್ಲೇ ಇರಬೇಕು. ಹೇಳಿಕೊಟ್ಟ ಸುಳ್ಳು ಬೇಡವೇ ಬೇಡ, ಅದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ನಡೆದ ನಿಜವನ್ನು ಪೂರ್ತಿಯಾಗಿ, ಯಾವುದನ್ನೂ ಬಿಡದೆ ಬರೆಸಬೇಕು.

ಬೇರೆಯವರ ಬೈಕ್ ಎರವಲು ಪಡೆದು ಹೋಗುವುದೂ ನಮ್ಮಲ್ಲಿ ನಿತ್ಯದ ಮಾತು. ಇಳಕಲ್‌ನಿಂದ ಗುಡೂರಿಗೆ ಹೀಗೆ ಹೊರಟವನೊಬ್ಬ ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿಗೆ ಬಡಿದು ಸತ್ತ. ಆ ಗಾಡಿಯಲ್ಲಿ ಕಬ್ಬಿಣದ ತಗಡುಗಳಿದ್ದವು. ಹೆಂಡತಿಯ ಅರ್ಜಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2009ರಲ್ಲಿ ಕೋರ್ಟ್ ಹೇಳಿದ್ದು ಇದು. ಎರವಲು ಬೈಕ್ ಓಡಿಸಿದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಹಾಗಾಗಿ ಅರ್ಜಿ ಹಾಕಿದ್ದ ಕಲಮಿನಡಿ ಅದೇ ಬೈಕಿನ ವಿಮೆಯಿಂದ ಪರಿಹಾರ ಕೇಳಲಾಗದು. ಬೇರೆ ಕಲಮಿನಡಿ ಹಕ್ಕಿದೆಯೇ ಎಂದು ನೋಡಲು ಪ್ರಕರಣ ಹೈಕೋರ್ಟಿಗೆ ವಾಪಸಾಯಿತು. ಯಾವ ಕಲಮಿನಡಿ ಅರ್ಜಿ ಹಾಕಬೇಕು ಎಂಬುದು ಮನೆಯವರು ತಾವೇ ನಿರ್ಧರಿಸುವ ಮಾತಲ್ಲ.

ಸಾರಿಗೆ ಬಸ್ಸಿನ ಅಪಘಾತದಲ್ಲೂ ಬೇಗ ವಕೀಲರನ್ನು ಕಾಣಬೇಕು. ಸರ್ಕಾರಿ ಸಾರಿಗೆ ಸಂಸ್ಥೆಗಳಿಗೆ ವಿಮೆ ಮಾಡಿಸದೆ ತಮ್ಮದೇ ನಿಧಿ ಇಟ್ಟುಕೊಳ್ಳಲು ಕಾಯ್ದೆ ಅವಕಾಶ ಕೊಟ್ಟಿದೆ. ಅಂಥ ಕಡೆ ಎದುರಿಗಿರುವುದು ವಿಮಾ ಕಂಪನಿಯಲ್ಲ, ಸಂಸ್ಥೆಯೇ. ಎರಡು ವಾಹನ ಡಿಕ್ಕಿಯಾದಲ್ಲಿ ತಪ್ಪು ಯಾರದು, ಎಷ್ಟೆಷ್ಟು ಎಂಬ ವಾದವೂ ಸೇರಿಕೊಳ್ಳುತ್ತದೆ.

ಹೀಗೆ ಸರಕಿನ ಗಾಡಿ, ಎರವಲು ಬೈಕ್, ಸಾರಿಗೆ ಬಸ್ಸು, ಈ ಮೂರರಲ್ಲಿ ತಡ ಮಾಡಬಾರದು. ಇದಕ್ಕೆ ಚಾಲಕನ ಲೈಸೆನ್ಸ್ ಇಲ್ಲದಿರುವುದು, ವಿಮೆಯ ಅವಧಿ ಮುಗಿದಿರುವುದು, ಇವನ್ನೂ ಸೇರಿಸಿಕೊಳ್ಳಿ. ಈಗ ನಾವು ಶುರುವಿನಲ್ಲಿ ಬಿಟ್ಟುಬಂದ ಸಹಿಯ ಮಾತಿಗೆ ಮರಳೋಣ. ಮೂರು ಸಹಿಗಳಿಗೆ ಮುಂಚೆ ವಕೀಲರಿಗೆ ತೋರಿಸಲೇಬೇಕು.

ಮೊದಲನೆಯದು ಊರಿನ ರಾಜಿ ಕಾಗದ. "ಆಸ್ಪತ್ರೆ ಖರ್ಚು ಕೊಡ್ತಾರ, ಮ್ಯಾಲೆ ಐವತ್ತು ಸಾವಿರ, ಕಂಪ್ಲೇಂಟ್ ಬ್ಯಾಡ" ಎಂಬುದು ಅದರ ಸಾರ. ಹಿರಿಯರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ದೂರೇ ಇಲ್ಲದಿದ್ದರೆ ಗಾಡಿಯ ನಂಬರ್ ದಾಖಲೆಯಲ್ಲಿ ಇರುವುದಿಲ್ಲ. ಮುಂದೆ ಕಾಲಿನ ರಾಡು ತೆಗೆಸಬೇಕಾದಾಗ ಕೇಳಲು ಯಾರೂ ಇರುವುದಿಲ್ಲ.

ಎರಡನೆಯದು ವಿಮಾ ಕಂಪನಿಯ ತ್ವರಿತ ಇತ್ಯರ್ಥದ ಕಾಗದ. ಕಾಯ್ದೆಯ 164ನೇ ಕಲಮಿನಂತೆ ತಪ್ಪು ಯಾರದೆಂದು ಸಾಬೀತು ಮಾಡದೆಯೇ ಸಾವಿಗೆ ಐದು ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಪಡೆಯಬಹುದು. ತಪ್ಪು ಸಾಬೀತು ಮಾಡುವುದು ಕಷ್ಟವಾದವರಿಗೆ ಇದು ದೊಡ್ಡ ಆಸರೆ. ಆದರೆ ಇದನ್ನು ಒಪ್ಪಿಕೊಂಡರೆ 166ನೇ ಕಲಮಿನ ಪೂರ್ಣ ಪರಿಹಾರದ ಅರ್ಜಿ ಅಲ್ಲಿಗೆ ಮುಗಿಯುತ್ತದೆ. ಆ ಹಮಾಲನ ಮನೆಯ 30 ಲಕ್ಷದ ಲೆಕ್ಕವನ್ನು ನೆನಪಿಸಿಕೊಳ್ಳಿ. ಐದು ಲಕ್ಷದ ಮುಂದೆ ಹೆಬ್ಬೆಟ್ಟು ಒತ್ತುವ ಮೊದಲು ಒಂದು ದಿನ ಕೇಳಿಕೊಳ್ಳುವುದು ತಪ್ಪೇ?

ಮೂರನೆಯದು ಲೋಕ ಅದಾಲತ್ತಿನ ಸಹಿ. ಅದಾಲತ್ ಒಳ್ಳೆಯ ವ್ಯವಸ್ಥೆ. ವರ್ಷಗಟ್ಟಲೆ ಎಳೆಯುವ ಕೇಸು ಒಂದೇ ದಿನ ಮುಗಿಯುತ್ತದೆ. ಆದರೆ ಅಲ್ಲಿನ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ. ನ್ಯಾಯಮಂಡಳಿಯ ತೀರ್ಪು ಕಡಿಮೆ ಎನಿಸಿದರೆ 90 ದಿನದೊಳಗೆ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗಬಹುದು. ಅದಾಲತ್ತಿನಲ್ಲಿ ಒಪ್ಪಿದ ಮೇಲೆ ಆ ದಾರಿ ಇಲ್ಲ.

ಗಾಯಾಳುಗಳಿಗೆ ಇನ್ನೂ ಒಂದು ಮಾತು. ಚಿಕಿತ್ಸೆ ಮುಗಿಯುವ ಮುಂಚೆ ಕೊನೆಯ ಇತ್ಯರ್ಥ ಬೇಡ. ವೈದ್ಯರು ಬರೆಯುವ ನೂರಕ್ಕೆ ಇಷ್ಟು ಅಂಗವಿಕಲತೆ ಎಂಬುದೇ ಕೊನೆಯ ಮಾತಲ್ಲ. ಒಂದು ಕೈ ಹೋದರೆ ಕಚೇರಿಯ ಗುಮಾಸ್ತ ಕೆಲಸ ಉಳಿಸಿಕೊಳ್ಳಬಹುದು. ಬಡಗಿಗೆ, ಚಾಲಕನಿಗೆ ದುಡಿಮೆಯೇ ಹೋಯಿತು. ಈ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಸುಪ್ರೀಂ ಕೋರ್ಟ್ ರಾಜ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ.

ರಾಜಿ, ಇತ್ಯರ್ಥ, ಅದಾಲತ್, ಮೂರೂ ಸಹಿಗಳ ಮಾತು ಮುಗಿಯಿತು. ಉಳಿದಿರುವುದು, ವಕೀಲರು ಎಲ್ಲಿ ಸಿಗುತ್ತಾರೆ, ಖರ್ಚು ಹೇಗೆ?

ದೇವದುರ್ಗ, ಮಾನ್ವಿಯಿಂದ ಬೆಂಗಳೂರಿಗೆ, ಪುಣೆಗೆ ಗುಳೆ ಹೋದವರ ಮನೆಗಳು ಇದನ್ನು ಗಮನವಿಟ್ಟು ಕೇಳಬೇಕು. ಅಪಘಾತ ಪುಣೆಯಲ್ಲಾದರೆ ಕೇಸಿಗೆ ಪುಣೆಗೇ ಅಲೆಯಬೇಕಿಲ್ಲ. ಅಪಘಾತವಾದ ಸ್ಥಳ, ಅರ್ಜಿದಾರರು ವಾಸವಿರುವ ಸ್ಥಳ, ಎದುರುದಾರರ ಸ್ಥಳ, ಇವುಗಳಲ್ಲಿ ಯಾವುದರ ನ್ಯಾಯಮಂಡಳಿಯಲ್ಲಾದರೂ ಅರ್ಜಿ ಹಾಕಬಹುದು. ಆದರೆ ಎಫ್‌ಐಆರ್, ಪಂಚನಾಮೆ, ಚಾರ್ಜ್‌ಶೀಟ್ ಮಾತ್ರ ಅಲ್ಲಿಯ ಠಾಣೆಯಿಂದ ತರಬೇಕು. ಶವ ತೆಗೆದುಕೊಂಡು ಊರಿಗೆ ಬರುವ ಅವಸರದಲ್ಲೂ ಠಾಣೆಯ ಹೆಸರು, ಕೇಸಿನ ನಂಬರ್ ಬರೆದುಕೊಂಡು ಬನ್ನಿ.

ಶುಲ್ಕದ ವಿಚಾರ. "ಈಗ ಒಂದು ರೂಪಾಯಿ ಬೇಡ, ಬಂದದ್ದರಲ್ಲಿ ಇಷ್ಟು ಪಾಲು" ಎನ್ನುವವರು ಬರುತ್ತಾರೆ. ಕೇಸಿನ ಫಲದಲ್ಲಿ ಪಾಲು ಕೇಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ದಲ್ಲಾಳಿಗಳ ಮೂಲಕ ಕೇಸು ಹಿಡಿಯುವುದಕ್ಕೂ ನಿಷೇಧ ಇದೆ. ಆಸ್ಪತ್ರೆಯ ಗೇಟಿನಲ್ಲಿ ಖಾಲಿ ಕಾಗದಕ್ಕೆ, ಖಾಲಿ ವಕಾಲತ್ತಿಗೆ ಸಹಿ ಕೇಳಿದವರಿಗೆ ಕೈಮುಗಿದು ಕಳಿಸಿಬಿಡಿ. ಕೋರ್ಟಿಗೆ ಹೋಗಿ, ಅಪಘಾತದ ಕೇಸು ನಡೆಸುವ ಇಬ್ಬರು ಮೂವರು ವಕೀಲರನ್ನು ನೋಡಿ. ಶುಲ್ಕ ಎಷ್ಟು, ಯಾವಾಗ ಎಂದು ಬರೆಸಿಕೊಳ್ಳಿ. ಪರಿಹಾರದ ಹಣ ನಿಮ್ಮ ಬ್ಯಾಂಕ್ ಖಾತೆಗೇ ಬರುವಂತೆ ನೋಡಿಕೊಳ್ಳಿ, ಪಾಸ್‌ಬುಕ್ ಯಾರ ಕೈಗೂ ಕೊಡಬೇಡಿ.

ಕೈಯಲ್ಲಿ ದುಡ್ಡಿಲ್ಲವೇ? ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಇವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಆದಾಯ ಎಷ್ಟೇ ಇದ್ದರೂ ಉಚಿತವಾಗಿ ವಕೀಲರನ್ನು ಕೊಡಬೇಕು. ಗಂಡ ಸತ್ತ ಹೆಣ್ಣುಮಗಳು ಇದರಲ್ಲಿ ಬಂದಳು. ಪೆಟ್ಟು ತಿಂದ ಶಾಲೆಯ ಮಗುವೂ ಬಂತು. ರಾಯಚೂರಿನಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ತಾಲ್ಲೂಕು ಕೋರ್ಟುಗಳಲ್ಲಿ ಕಾನೂನು ಸೇವಾ ಸಮಿತಿಗಳಿವೆ. ಫೋನ್ ಮಾಡುವುದಾದರೆ 15100.

ಹೋಗುವಾಗ ಒಂದು ಚೀಲದಲ್ಲಿ ಇವನ್ನು ಹಾಕಿಕೊಳ್ಳಿ. ಎಫ್‌ಐಆರ್ ಪ್ರತಿ. ಆಸ್ಪತ್ರೆಯ ಚೀಟಿ, ಔಷಧದ ಬಿಲ್ಲು, ಎಕ್ಸ್‌ರೇ. ವಯಸ್ಸು ತೋರಿಸುವ ಶಾಲೆಯ ದಾಖಲೆ. ರೇಷನ್ ಕಾರ್ಡು. ಕೆಲಸ ಕೊಟ್ಟವರ ಹೆಸರು. ಮತ್ತು ಯಾರಾದರೂ ಈಗಾಗಲೇ ಸಹಿ ಮಾಡಿಸಿಕೊಂಡಿದ್ದರೆ ಆ ಕಾಗದದ ಪ್ರತಿ. ಸಹಿ ಹಾಕಿದ್ದೇವೆ ಎಂದು ನಾಚಿ ಮನೆಯಲ್ಲಿ ಕೂಡಬೇಡಿ. ಅದನ್ನೂ ವಕೀಲರ ಮೇಜಿನ ಮೇಲೆ ಇಡಿ. ಆ ಕಾಗದ ಎಷ್ಟರಮಟ್ಟಿಗೆ ನಿಲ್ಲುತ್ತದೆ, ಮುಂದೆ ಯಾವ ದಾರಿ ಉಳಿದಿದೆ ಎಂದು ಅವರು ಓದಿ ಹೇಳುತ್ತಾರೆ.